ಅನ್ನ ಮಗುಚುವ ಹುಟ್ಟು

ನಮ್ಮ ಬಾಲ್ಕನಿಯ ಮೂಲೆಯಲ್ಲಿ, ತುಳಸಿ ಕುಂಡದ ಹಿಂದೆ, ಎರಡೂವರೆ ಅಡಿ ಉದ್ದದ ಒಂದು ಮರದ ವಸ್ತು ಗೋಡೆಗೊರಗಿ ನಿಂತಿದೆ. ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ದುಂಡಗೆ. ಮನೆಗೆಲಸಕ್ಕೆ ಹೊಸದಾಗಿ ಬಂದಿರುವ ಸುನೀತಾ ಮೊನ್ನೆ ಅದನ್ನು ಎತ್ತಿ, ಹಿಂದೆ ಮುಂದೆ ತಿರುಗಿಸಿ ನೋಡಿ, “ಅಂಕಲ್‌ಜೀ, ಯೆ ಬಲ್ಲಾ ಕಿಸ್ಕಾ ಹೈ?” ಎಂದು ಕೇಳಿದಳು. ಈ ಕ್ರಿಕೆಟ್ ಬ್ಯಾಟು ಯಾರದು ಎಂದು. ಅದು ಬ್ಯಾಟಲ್ಲ, ನಾನೇ ಕೆತ್ತಿದ ಹುಟ್ಟು ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಹುಟ್ಟು ಯಾಕೆ, ಯಾವ ದೋಣಿಗೆ, ವಸಂತ್ ಕುಂಜದ ಮೂರನೆಯ ಮಹಡಿಯಲ್ಲಿ ನದಿ ಎಲ್ಲಿದೆ ಎಂದೆಲ್ಲ ಆಕೆ ಕೇಳಿದರೆ ವಿವರಿಸುವಷ್ಟು ದಮ್ಮು ನನ್ನ ಹಿಂದಿಗಿಲ್ಲ. “ಪುರಾನಾ ಹೈ, ರಖ್ ದೋ” ಎಂದುಬಿಟ್ಟೆ.

ಹಳೆಯದು ಎಂದದ್ದು ಸುಳ್ಳು. ಕಳೆದ ಅಕ್ಟೋಬರಿನಲ್ಲಿ ಕೆತ್ತಿದ್ದು. ಈಗ ಚಳಿಗಾಲದಲ್ಲಿ ನನ್ನ ಹೆಂಡತಿ ಜಾನಕಿ ರಜಾಯಿಗಳನ್ನು ಬಿಸಿಲಿಗೆ ಹರವಿದಾಗ ಅದರಿಂದಲೇ ಬಡಿಯುತ್ತಾಳೆ. ಧೂಳು ಚೆನ್ನಾಗಿ ಬರುತ್ತದಂತೆ. ಅಷ್ಟಾದರೂ ಕೆಲಸಕ್ಕೆ ಬಂತಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡಿದ್ದೇನೆ.

ನಾನು ಮರಗೆಲಸದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಮೂವತ್ತಾರು ವರ್ಷ ಕಡತಗಳ ಮೇಲೆ ಟಿಪ್ಪಣಿ ಬರೆದವನು. ನಿವೃತ್ತಿಯಾದ ಮೇಲೆ ನನ್ನ ಓರಗೆಯವರಲ್ಲಿ ಕೆಲವರು ಯೋಗ ಹಿಡಿದರು, ಕೆಲವರು ಸೊಸೈಟಿಯ ಕಮಿಟಿ ಹಿಡಿದರು, ನಾನು ಉಳಿ ಹಿಡಿದೆ. ಮೊದಲ ವರ್ಷದ ನನ್ನ ಉತ್ಪನ್ನಗಳು ಇವು: ಫೋನು ನಿಲ್ಲದ ಒಂದು ಫೋನ್ ಸ್ಟ್ಯಾಂಡು, ಕಾಫಿ ಲೋಟ ಇಟ್ಟರೆ ಅಲ್ಲಾಡುವ ಆರು ತಟ್ಟೆಗಳು, ಕೂತವರನ್ನು ನಿಧಾನವಾಗಿ ಎಡಕ್ಕೆ ವಾಲಿಸುವ ಒಂದು ಮಣೆ. ಗುರುಗ್ರಾಮದಲ್ಲಿ ಕೆಲಸ ಮಾಡುವ ನನ್ನ ಮಗ ಅನಿರುದ್ಧ ಇವನ್ನೆಲ್ಲ ‘ಅಪ್ಪನ ಮಾಡರ್ನ್ ಆರ್ಟ್’ ಎನ್ನುತ್ತಾನೆ. ಆ ಮಣೆಯ ಮೇಲೆ ಕೂತು ಊಟ ಮಾಡಿದ ನಮ್ಮ ಪುರೋಹಿತರು ಮುಂದಿನ ಸಲ ಬಂದಾಗ ತಾವಾಗಿಯೇ ನೆಲದ ಮೇಲೆ ಕೂತರು.

ಹೀಗಿರುವಾಗ ನಾನು ಆ ಹುಟ್ಟು ಕೆತ್ತಬೇಕಾಗಿ ಬಂದದ್ದು ನಾನೇ ಮಾಡಿದ ಒಂದು ಅನಾಹುತದಿಂದ. ಮೇ ತಿಂಗಳಲ್ಲಿ ದಿಲ್ಲಿಗೆ ಬರುವ ಆಂಧಿ ನಿಮಗೆ ಗೊತ್ತಿರಬಹುದು. ಹತ್ತು ನಿಮಿಷದಲ್ಲಿ ಆಕಾಶವೆಲ್ಲ ಕಂದು ಬಣ್ಣಕ್ಕೆ ತಿರುಗಿ, ಒಣಗಹಾಕಿದ ಬಟ್ಟೆ ಪಕ್ಕದ ಬ್ಲಾಕಿನವರ ಪಾಲಾಗುತ್ತದೆ. ಆ ದಿನ ಬಾಲ್ಕನಿಯ ಬಾಗಿಲು ಧಡಧಡ ಬಡಿದುಕೊಳ್ಳುತ್ತಿತ್ತು. ಚಿಲಕ ಕೆಟ್ಟು ತಿಂಗಳಾಗಿತ್ತು. ಅದನ್ನು ಸರಿಮಾಡುವ ಹೊಣೆ ಮನೆಯ ಬಡಗಿಯಾದ ನನ್ನದೇ ಆಗಿದ್ದರಿಂದ ಅದು ಸರಿಯಾಗಿರಲಿಲ್ಲ. ಹಿಡಿಕೆಗೆ ಸಿಕ್ಕಿಸಲು ಏನಾದರೂ ಗಟ್ಟಿ ಕೋಲು ಬೇಕೆಂದು ಹುಡುಕಿದೆ. ಮಗ ಸೊಸೆ ಬಾಡಿಗೆಯ ಫ್ಲ್ಯಾಟು ಬಿಟ್ಟು ನಮ್ಮ ಜೊತೆ ಇರಲು ಬಂದು ಎರಡು ತಿಂಗಳಾಗಿತ್ತು, ಅವರ ಕೆಲವು ಡಬ್ಬಗಳು ಇನ್ನೂ ಬಿಚ್ಚದೆ ಕಾರಿಡಾರಿನಲ್ಲಿದ್ದವು. ಒಂದು ಡಬ್ಬದಿಂದ ಹಿಡಿ ಹೊರಗೆ ಚಾಚಿಕೊಂಡಿತ್ತು. ಎಳೆದೆ, ಸಿಕ್ಕಿಸಿದೆ. ಮುಂದಿನ ಬೀಸಿಗೆ ಬಾಗಿಲು ಎಳೆದ ಎಳೆತಕ್ಕೆ ಅದು ಲಟಕ್ಕೆಂದು ಎರಡು ತುಂಡಾಯಿತು.

ಸಂಜೆ ಸೊಸೆ ಜೂರಿ ಆಫೀಸಿನಿಂದ ಬಂದಳು. ತುಂಡುಗಳನ್ನು ಮೇಜಿನ ಮೇಲೆ ಇಟ್ಟು, ನಮ್ಮೂರ ಕಡೆಯ ಮುದ್ದೆ ತಿರುವುವ ಕೋಲಿನ ಹಾಗಿತ್ತು, ಏನೋ ಗೊತ್ತಾಗಲಿಲ್ಲ ಎಂದೆ. ಅವಳು ಎರಡನ್ನೂ ಜೋಡಿಸಿ ಒಂದು ಗಳಿಗೆ ಹಿಡಿದುಕೊಂಡಳು.

“ಕೋಯೀ ಬಾತ್ ನಹೀಂ ಅಪ್ಪಾ,” ಎಂದಳು. “ಲಕಡೀ ಹೈ, ಟೂಟ್ ಜಾತೀ ಹೈ.” ಮರ ತಾನೆ, ಮುರಿಯುತ್ತದೆ ಎಂದು.

ಆಮೇಲೆ ಆ ತುಂಡುಗಳನ್ನು ಒಂದು ಹಳೆಯ ದುಪಟ್ಟಾದಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಳು. ಮುರಿದ ಕೋಲನ್ನು ಯಾರಾದರೂ ಬೀರುವಿನಲ್ಲಿ ಇಡುತ್ತಾರೆಯೇ ಎಂದು ನನಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಜೂರಿ ಅಸ್ಸಾಮಿನವಳು, ಶಿವಸಾಗರದ ಹತ್ತಿರದ ಒಂದು ಹಳ್ಳಿ. ಗುರುಗ್ರಾಮದಲ್ಲಿ ಅನಿರುದ್ಧನ ಆಫೀಸಿನ ಪಕ್ಕದ ಕಟ್ಟಡದಲ್ಲಿ ಕೆಲಸ. ಮದುವೆಯಾಗಿ ಮೂರು ವರ್ಷ. ರಿಜಿಸ್ಟರ್ ಮದುವೆ, ಆ ದಿನ ನಾನು ಬೆನ್ನುನೋವೆಂದು ಮನೆಯಲ್ಲೇ ಉಳಿದೆ. ಬೆನ್ನು ನೋಯುತ್ತಿದ್ದುದೇನೋ ನಿಜ, ಆದರೆ ಕ್ಯಾಬಿನಲ್ಲಿ ಕೂರಲಾರದಷ್ಟು ನೋಯುತ್ತಿರಲಿಲ್ಲ. ಜಾನಕಿ ಒಬ್ಬಳೇ ಹೋಗಿ ಬಂದಳು. ಜೂರಿ ಅದನ್ನು ಇವತ್ತಿನವರೆಗೂ ಎತ್ತಿಲ್ಲ, ಅದಕ್ಕೇ ನನಗೆ ಅದು ಮರೆಯುವುದಿಲ್ಲ. ನಮ್ಮ ಮನೆಗೆ ಬಂದ ಮೇಲೆ ಅವಳು ಕಲಿತ ಕನ್ನಡವೆಂದರೆ ‘ಊಟ ಆಯ್ತಾ’, ‘ಸಾಕು’, ‘ರೀ’. ಈ ಕೊನೆಯದನ್ನು ಜಾನಕಿ ನನ್ನನ್ನು ಕರೆಯುವುದು ಕೇಳಿ ಕಲಿತು, ಅನಿರುದ್ಧನನ್ನು ಬೈಯುವಾಗ ಬಳಸುತ್ತಾಳೆ.

ಅಕ್ಟೋಬರಿನ ಒಂದು ಭಾನುವಾರ ಜಾನಕಿ ಅಡುಗೆಮನೆಯಿಂದ ಬಂದು ನನ್ನೆದುರು ಕೂತಳು. “ರೀ, ನೀವು ಮುರಿದು ಹಾಕಿದ್ರಲ್ಲ, ಅದೇನು ಗೊತ್ತಾ?” ಎಂದಳು. ನವೆಂಬರ್ ಕೊನೆಯ ಭಾನುವಾರ ಜೂರಿ ತನ್ನ ತಂದೆಗೆ ಎಡೆ ಇಡುತ್ತಾಳೆ. ಅವರು ತೀರಿಕೊಂಡು ಎಂಟು ವರ್ಷವಾಯಿತು. ಎಡೆಗೆ ಮೀನು, ಅನ್ನ ಎಲ್ಲಕ್ಕಿಂತ ಮುಖ್ಯವಾದದ್ದು ಮನೆಯಲ್ಲೇ ಅನ್ನವನ್ನು ಹುದುಗಿಸಿ ಇಳಿಸಿದ ಪಾನೀಯ. ಅದಿಲ್ಲದೆ ಎಡೆ ಇಲ್ಲ. ಅವರ ಭಾಷೆಯಲ್ಲಿ ಅದಕ್ಕಿರುವ ಹೆಸರಿನ ಮೊದಲ ಅಕ್ಷರ ನನ್ನ ಗಂಟಲಿನಿಂದ ಹೊರಡುವುದಿಲ್ಲ, ಆದ್ದರಿಂದ ನಾನು ‘ಅನ್ನದ ನೀರು’ ಎನ್ನುತ್ತೇನೆ. ಬೇಯಿಸಿದ ಅನ್ನವನ್ನು ಹರವಿ ಆರಿಸಿ, ಅದಕ್ಕೆ ಹುದುಗು ಬರಿಸುವ ಬಿಲ್ಲೆಯನ್ನು ಪುಡಿಮಾಡಿ ಬೆರೆಸಬೇಕು. ಬೆರೆಸುವುದಕ್ಕೆ ಕಬ್ಬಿಣ, ಸ್ಟೀಲು ಯಾವುದೂ ತಾಗಕೂಡದು. ಅದಕ್ಕೇ ಆ ಮರದ ಹುಟ್ಟು.

“ಮತ್ತೆ ಆ ಹುಟ್ಟು ಮಾಡಿದ್ದು ಅವರ ಅಪ್ಪನೇ ಅಂತೆ,” ಎಂದು ಜಾನಕಿ ಎದ್ದು ಹೋದಳು.

ಸತ್ತವರ ಕೈಕೆಲಸವನ್ನು ಬಾಗಿಲಿಗೆ ಸಿಕ್ಕಿಸಿ ಮುರಿದೆನಲ್ಲ ಎಂದು ನಾಚಿಕೆಯಾಯಿತು. ಅದಕ್ಕಿಂತ, ಆ ಹುಡುಗಿ ಐದು ತಿಂಗಳು ಇದನ್ನು ನನ್ನಿಂದ ಬಚ್ಚಿಟ್ಟಳಲ್ಲ ಎಂದು ಸಂಕಟವಾಯಿತು. ರಾತ್ರಿ ಊಟಕ್ಕೆ ಕೂತಾಗ ಹೊಸ ಹುಟ್ಟು ನಾನು ಮಾಡಿಕೊಡುತ್ತೇನೆ ಎಂದು ಘೋಷಿಸಿದೆ. ಅನಿರುದ್ಧ ನನ್ನ ಮಣೆಯ ಕಡೆ ನೋಡಿದ. ಜೂರಿ ಮಾತ್ರ, “ಸಚ್ಚೀ ಅಪ್ಪಾ?” ನಿಜವೇ ಎಂದು ಎದ್ದು ಹೋಗಿ ದುಪಟ್ಟಾದ ಗಂಟು ತಂದು ನನ್ನ ಕೈಗೆ ಕೊಟ್ಟಳು, ಅಳತೆಗಿರಲಿ ಎಂದು.

ಮನೆಯಲ್ಲಿ ಇಂಥದ್ದನ್ನು ಮಾಡುವುದಕ್ಕೆ ದಿಲ್ಲಿಯಲ್ಲಿ ಯಾವ ನಿಯಮ ಅನ್ವಯಿಸುತ್ತದೆ ಎಂಬ ಪ್ರಶ್ನೆ ನಿಮಗೆ ಬಂದಿರಬಹುದು. ನನಗೂ ಬಂತು. ಆದರೆ ನಿಯಮ ಹುಡುಕಿ ಓದುವ ಗೋಜಿಲ್ಲದಿರುವುದೇ ನಿವೃತ್ತಿಯ ದೊಡ್ಡ ಸುಖ. ನೀನೂ ಕುಡಿದೆಯಾ ಎಂದು ಕೇಳುವವರೂ ಇದ್ದೀರಿ. ಆ ವಿಷಯ ನನಗೂ ಜಾನಕಿಗೂ ಸಂಬಂಧಿಸಿದ್ದು, ಇಲ್ಲಿ ಬೇಡ. ನಮ್ಮ ವಂಶದಲ್ಲಿ ಕಾಫಿಗಿಂತ ಕಡುವಾದದ್ದನ್ನು ಯಾರೂ ಮುಟ್ಟಿದ ದಾಖಲೆಯಿಲ್ಲ. ಜಾನಕಿ ಇದನ್ನು ಹೇಗೆ ಒಪ್ಪುತ್ತಾಳೋ ಎಂದು ನಾನು ಅಳುಕಿದ್ದೆ. ಅವಳು, “ಇಡ್ಲಿ ಹಿಟ್ಟೂ ಹುದುಗೋದೇ ಅಲ್ವೇನ್ರೀ” ಎಂದು ಮುಗಿಸಿಬಿಟ್ಟಳು.

ಈಗ ಮರದ ವಿಷಯ. ಆ ವರ್ಷ ಬೇಸಿಗೆಯಲ್ಲಿ ನಮ್ಮ ಬ್ಲಾಕಿನ ಮುಂದಿನ ದೊಡ್ಡ ಬೇವಿನ ಮರದ ಕೊಂಬೆ ಕಡಿದಾಗ ಒಂದು ದಪ್ಪ ತುಂಡನ್ನು ಮಾಲಿಯಿಂದ ಸೀಳಿಸಿಕೊಂಡು ಮಂಚದಡಿ ಇಟ್ಟಿದ್ದೆ. ಇದಕ್ಕಿಂತ ಪ್ರಶಸ್ತವಾದದ್ದು ಯಾವುದಿದೆ ಎಂದು ತರ್ಕಿಸಿದೆ. ಬೇವಿಗೆ ಹುಳ ಹಿಡಿಯುವುದಿಲ್ಲ. ಬೇವಿನಲ್ಲಿ ಹಲ್ಲುಜ್ಜುತ್ತೇವೆ. ಬೇವು ಇದ್ದಲ್ಲಿ ಕ್ರಿಮಿ ಸುಳಿಯುವುದಿಲ್ಲ. ಆಹಾರಕ್ಕೆ ತಾಗುವ ವಸ್ತು ಶುದ್ಧವಾಗಿರಬೇಕು ತಾನೆ? ಹತ್ತು ದಿನ ಬಾಲ್ಕನಿಯಲ್ಲಿ ಕೂತು ಉಳಿ, ಅರ, ಉಪ್ಪು ಕಾಗದ ಹಿಡಿದು ಕೆತ್ತಿದೆ. ಹೆಬ್ಬೆರಳಿಗೆ ಎರಡು ಕಡೆ ಪಟ್ಟಿ ಬಂತು. ಕೆತ್ತುತ್ತ ಕೆತ್ತುತ್ತ ಜೂರಿಯ ತಂದೆಯ ಕೆಲಸದ ಮೇಲೆ ನನಗೆ ಗೌರವ ಹೆಚ್ಚಿತು. ಅವರು ಮರದ ನಾರು ಹೇಗೆ ಓಡಿದೆಯೋ ಹಾಗೇ ಹಿಡಿಯನ್ನು ತೆಗೆದಿದ್ದರು. ಚಪ್ಪಟೆ ಭಾಗದ ಒಂದು ಮಗ್ಗುಲಲ್ಲಿ ಕಣ್ಣಿಗೆ ಕಾಣದಷ್ಟು ತಗ್ಗು ಮಾಡಿದ್ದರು, ಕೈಯಾಡಿಸಿದರೆ ಮಾತ್ರ ಗೊತ್ತಾಗುತ್ತಿತ್ತು. ಅನ್ನ ಮಗುಚಿದಾಗ ಅಗುಳು ಮುರಿಯದೆ ಜಾರಲಿ ಎಂದು. ನನ್ನ ಹುಟ್ಟಿನಲ್ಲಿ ತಗ್ಗುಗಳು ಕಣ್ಣಿಗೇ ಕಾಣುತ್ತಿದ್ದವು.

ಕೊನೆಗೆ ಅದು ಒಂದು ಆಕಾರಕ್ಕೆ ಬಂತು. ಹೊಸ ಮರದ ಸಾಮಾನನ್ನು ಒಣಗಲು ಹಾಗೇ ಬಿಟ್ಟರೆ ಸೀಳುತ್ತದೆ ಎಂದು ಜಾನಕಿ ಅದಕ್ಕೆ ತನ್ನ ತವರಿನ ಪದ್ಧತಿಯಂತೆ ಹರಳೆಣ್ಣೆಯಲ್ಲಿ ಅರಿಶಿನ ಕಲಸಿ ಮೂರು ದಿನ ತಿಕ್ಕಿದಳು. ಅವಳ ತಾಯಿ ಒನಕೆಗೂ ಲಟ್ಟಣಿಗೆಗೂ ಹೀಗೇ ಮಾಡುತ್ತಿದ್ದರಂತೆ. ಮನೆಯ ಸೊಸೆಗೆ ಮೊದಲ ಸಲ ಕೊಡುವ ವಸ್ತುವನ್ನು ಬರಿದಾಗಿ ಕೊಡಬಾರದೆಂದು ಹಿಡಿಗೆ ಕುಂಕುಮ ಇಟ್ಟು, ಎಲೆ ಅಡಿಕೆಯ ಜೊತೆ ಕೊಟ್ಟೆವು. ಜೂರಿ ನಮ್ಮಿಬ್ಬರ ಕಾಲಿಗೂ ನಮಸ್ಕಾರ ಮಾಡಿದಳು. ಅವಳ ಕಣ್ಣು ತುಂಬಿತ್ತು. ಅರಿಶಿನದ ಬಣ್ಣಕ್ಕೆ ಹೊಳೆಯುತ್ತಿದ್ದ ಆ ಹುಟ್ಟನ್ನು ನೋಡಿ ನನಗೂ ನಾನು ಮರಗೆಲಸದವನೇ ಅನ್ನಿಸಿತು.

ಊರಿನಿಂದ ಅವಳ ತಾಯಿ ಕಳಿಸಿದ್ದ ಬಿಲ್ಲೆಗಳು ಎರಡೇ ಇದ್ದವು. ಅಕ್ಕಿಹಿಟ್ಟಿಗೆ ಎಷ್ಟೋ ಬಗೆಯ ಸೊಪ್ಪುಗಳನ್ನು ಅರೆದು ಸೇರಿಸಿ, ತಟ್ಟಿ ಒಣಗಿಸಿ ಮಾಡುವ ಬಿಲ್ಲೆಗಳು. ಆ ತಾಯಿಗೆ ಈಚೆಗೆ ಬೆರಳ ಗಂಟುಗಳು ಊದಿಕೊಂಡು ಅರೆಯುವುದು ತಟ್ಟುವುದು ಆಗುತ್ತಿಲ್ಲ. ಅವರು ಮಾಡಿದವುಗಳಲ್ಲಿ ಅವೇ ಕೊನೆಯವು. ಜೂರಿ ಒಂದನ್ನು ಪುಡಿಮಾಡಿ, ಆರಿದ ಅನ್ನದ ಮೇಲೆ ಉದುರಿಸಿ, ನನ್ನ ಹುಟ್ಟಿನಿಂದ ಮಗುಚಿ ಮಗುಚಿ ಬೆರೆಸಿದಳು. ಮಣ್ಣಿನ ಮಡಕೆಗೆ ತುಂಬಿ, ಬಾಳೆ ಎಲೆ ಮುಚ್ಚಿ ಕಟ್ಟಿದಳು. ಎರಡನೆಯ ದಿನದ ಹೊತ್ತಿಗೆ ಮಾಗಿದ ಬಾಳೆಹಣ್ಣಿನಂಥ ವಾಸನೆ ಬರಬೇಕು, ಮೂರನೆಯ ದಿನ ಕಿವಿಗೊಟ್ಟರೆ ಒಳಗೆ ಸಣ್ಣಗೆ ಸದ್ದು ಕೇಳಬೇಕು ಎಂದಳು.

ಎರಡನೆಯ ದಿನ ಯಾವ ವಾಸನೆಯೂ ಬರಲಿಲ್ಲ. ಮೂರನೆಯ ದಿನ ನಾನು ಜಾನಕಿ ಇಬ್ಬರೂ ಸರದಿಯಲ್ಲಿ ಮಡಕೆಗೆ ಕಿವಿ ಇಟ್ಟೆವು. ವಿಮಾನದ ಸದ್ದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಐದನೆಯ ದಿನ ಜೂರಿ ಎಲೆ ಬಿಚ್ಚಿದಳು. ಅನ್ನ ಅಲ್ಲಲ್ಲಿ ಹಳದಿಯಾಗಿ, ಚಿತ್ರಾನ್ನಕ್ಕೆ ಹೊರಟು ಅರ್ಧದಲ್ಲಿ ನಿಂತಂತಿತ್ತು. ಒಂದಗುಳು ಬಾಯಿಗೆ ಹಾಕಿಕೊಂಡು ಅವಳು ಮುಖ ಕಿವಿಚಿದಳು. ಕಹಿ. ನಾನೂ ಒಂದಗುಳು ಬಾಯಿಗೆ ಹಾಕಿಕೊಂಡೆ. ಬೇವಿನದೇ ಕಹಿ, ಅದರ ಹಿಂದೆ ಹರಳೆಣ್ಣೆ.

ಆ ಸಂಜೆ ಅವಳು ಫೋನಿನಲ್ಲಿ ತಾಯಿಯ ಜೊತೆ ಮಾತಾಡುತ್ತಿದ್ದಳು. ನಾನು ಪಕ್ಕದ ಕೋಣೆಯಲ್ಲಿದ್ದೆ. ನನಗೆ ಅಸ್ಸಾಮಿ ಬರುವುದಿಲ್ಲ, ಆದರೆ ಆ ಕಡೆಯಿಂದ ಪ್ರಶ್ನೆಗಳು ಬರುತ್ತಿವೆ, ಈ ಕಡೆ ಇವಳು ಜಾರಿಕೊಳ್ಳುತ್ತಿದ್ದಾಳೆ ಎಂಬುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ. ಕೊನೆಗೆ ಅವಳು, “ದಿಲ್ಲೀರ್ ಪಾನಿ ಭಾಲ್ ನಹಯ್, ಮಾ” ಎಂದಳು. ದಿಲ್ಲಿಯ ನೀರು ಸರಿಯಿಲ್ಲ. ಅಷ್ಟು ನನಗೆ ಅರ್ಥವಾಯಿತು. ನೀರಿನ ಮೇಲೆ ಹಾಕಿ ನನ್ನನ್ನು ಉಳಿಸಿದ್ದಳು.

ತಪ್ಪು ಬೇವಿನದೋ ಅರಿಶಿನದ್ದೋ ಎಂದು ನಾನೂ ಜಾನಕಿಯೂ ಎರಡು ದಿನ ವಾದ ಮಾಡಿದೆವು. ನೋಡಿ, ವಿಚಿತ್ರ. ಹುದುಗುವುದೆಂದರೆ ಕಣ್ಣಿಗೆ ಕಾಣದ ಕೋಟಿ ಜೀವಿಗಳು ಕೆಲಸ ಮಾಡುವುದು. ನಾವಿಬ್ಬರೂ ಸೇರಿ, ಕ್ರಿಮಿಗಳನ್ನು ಕೊಲ್ಲಲು ನಮ್ಮ ಹಿರಿಯರು ಕಂಡುಕೊಂಡಿದ್ದ ಎರಡು ಮದ್ದುಗಳನ್ನೂ, ಪ್ರೀತಿಯಿಂದ, ಒಟ್ಟಿಗೇ ಅದರ ಮೇಲೆ ಪ್ರಯೋಗಿಸಿದ್ದೆವು. ಇನ್ನು ಉಳಿದದ್ದು ಒಂದೇ ಬಿಲ್ಲೆ, ಹದಿಮೂರೇ ದಿನ. ಜೂರಿ ಎರಡನೆಯ ಸಲ ಪ್ರಯತ್ನಿಸುವುದೇ ಬೇಡ, ಈ ವರ್ಷ ಬರೀ ಅನ್ನ ಇಟ್ಟರಾಯಿತು ಎಂದಳು. ಹಾಗೆನ್ನುವಾಗ ಅವಳು ನಮ್ಮ ಮುಖ ನೋಡುತ್ತಿರಲಿಲ್ಲ.

ಆಗ ನನಗೆ ರುದ್ರಾಚಾರಿ ನೆನಪಾದ. ನನ್ನ ಅಪ್ಪ ಅರಸೀಕೆರೆಯಲ್ಲಿ ರೈಲ್ವೆ ಗುಮಾಸ್ತ, ನಮ್ಮದು ಕ್ವಾರ್ಟರ್ಸಿನ ಮನೆ. ಹಿಂದಿನ ಬೀದಿಯಲ್ಲಿ ರುದ್ರಾಚಾರಿಯ ಬಡಗಿ ಸಾಲೆ. ಅಲ್ಲಿ ಮರದ ಹೊಟ್ಟಿನ ಮೇಲೆ ಬಿದ್ದು ಹೊರಳುವುದು ನಮ್ಮ ಬಾಲ್ಯದ ಸುಖಗಳಲ್ಲಿ ದೊಡ್ಡದು, ಆಮೇಲೆ ಮೈ ತುರಿಸಿಕೊಳ್ಳುವುದೂ ಅದರಲ್ಲೇ ಸೇರಿತ್ತು. ನನ್ನ ಅಜ್ಜಿಯ ಕಡೆಗೋಲು ಮುರಿದಾಗ ಹೊಸದು ಮಾಡಿಸಲು ನನ್ನನ್ನು ಕಳಿಸಿದ್ದರು. ಆತ ಮೂರು ಬಗೆಯ ಮರದಿಂದ ಮೂರು ಚಕ್ಕೆ ಎಬ್ಬಿಸಿ, ಮೂರು ಚಿಪ್ಪಿನಲ್ಲಿ ಹಾಕಿ, ಮೇಲೆ ಬಿಸಿನೀರು ಸುರಿದು ಬೀಡಿ ಹಚ್ಚಿಕೊಂಡು ಕೂತ. ಬೀಡಿ ಮುಗಿದ ಮೇಲೆ ಬಾಯಿ ಮುಕ್ಕಳಿಸಿ, ಒಂದೊಂದೇ ಚಿಪ್ಪಿನ ನೀರನ್ನು ಗುಟುಕರಿಸಿದ.

“ಬಾಯಿಗೆ ಹೋಗೋ ಸಾಮಾನಿನ ಮರಾನ ಮೊದ್ಲು ಮಾಡೋನು ಬಾಯಿಗೆ ಹಾಕ್ಕೋಬೇಕು ಸ್ವಾಮಿ,” ಎಂದಿದ್ದ. ನನಗೆ ಆಗ ಎಂಟು ವರ್ಷ, ಆತ ನನ್ನನ್ನೂ ಸ್ವಾಮಿ ಎನ್ನುತ್ತಿದ್ದ. ನೀರಿಗೆ ರುಚಿಯೇ ಬಾರದ ಮರವನ್ನು ಆರಿಸಿ ಕಡೆಗೋಲು ಮಾಡಿದ. ಎಣ್ಣೆ ಹಚ್ಚಬೇಡಿ, ಎರಡು ದಿನ ಅಕ್ಕಚ್ಚಿನಲ್ಲಿ ನೆನೆಸಿ ಕುದಿಸಿ, ನೆರಳಲ್ಲಿ ಒಣಗಿಸಿ ಎಂದು ಅಜ್ಜಿಗೆ ಹೇಳಿಕಳಿಸಿದ. ಅಕ್ಕಚ್ಚು ಎಂದರೆ ಅಕ್ಕಿ ತೊಳೆದ ನೀರು. ಇದನ್ನೆಲ್ಲ ಕಣ್ಣಾರೆ ನೋಡಿದ್ದ ನಾನು ಅರವತ್ತು ದಾಟಿದ ಮೇಲೆ ಫೋನಿನಲ್ಲಿ ವಿಡಿಯೋ ನೋಡಿ ಬೇವಿನ ಹುಟ್ಟು ಕೆತ್ತಿದೆ.

ಮರುದಿನವೇ ಮೆಟ್ರೋ ಹತ್ತಿ ಕೀರ್ತಿ ನಗರಕ್ಕೆ ಹೋದೆ. ಮರದ ಅಂಗಡಿಗಳ ಸಾಲಿನಲ್ಲಿ ಒಬ್ಬ ವಯಸ್ಸಾದ ಸರ್ದಾರ್ಜಿಯ ಹತ್ತಿರ ನಿಂತು, ಇರುವ ಮರದಲ್ಲೆಲ್ಲ ಒಂದೊಂದು ಚಕ್ಕೆ ಬೇಕು ಎಂದೆ.

“ಕರ್ನಾ ಕ್ಯಾ ಹೈ ಇನ್ಕಾ?” ಎಂದು ಕೇಳಿದರು, ಇವನ್ನು ಏನು ಮಾಡುತ್ತೀರಿ ಎಂದು.

“ಪೀನಾ ಹೈ,” ಎಂದೆ. ಕುಡಿಯಬೇಕು ಎಂದು. ಸತ್ಯವನ್ನೇ ಹೇಳಿದ್ದೆ. ಅವರು ತಮ್ಮ ಮಗನನ್ನು ಕರೆದು, ಬಾಬೂಜಿಗೆ ಕುರ್ಚಿ ಹಾಕು, ಬಿಸಿಲಲ್ಲಿ ಬಂದಿದ್ದಾರೆ ಎಂದರು. ಪೂರ್ತಿ ಕಥೆ ಹೇಳಿದ ಮೇಲೆ ಅವರ ಮುಖ ಬದಲಾಯಿತು. “ಬಹೂ ಕೆ ಪಿತಾಜೀ ಕೆ ಲಿಯೇ? ತೋ ಐಸೇ ಬತಾಯಿಯೇ ನಾ,” ಸೊಸೆಯ ತಂದೆಗೆ ಎಂದು ಮೊದಲೇ ಹೇಳಬಾರದೇ ಎನ್ನುತ್ತ ತಾವೇ ಎದ್ದು ಗೋದಾಮಿಗೆ ಹೋಗಿ ಆರು ಬಗೆಯ ಚೂರುಗಳನ್ನು ತಂದು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಹೆಸರು ಬರೆದುಕೊಟ್ಟರು.

ಊಟದ ಮೇಜಿನ ಮೇಲೆ ಆರು ಸ್ಟೀಲ್ ಲೋಟಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಚೀಟಿ ಅಂಟಿಸಿ, ಚಕ್ಕೆ ಹಾಕಿ ಬಿಸಿನೀರು ಸುರಿದೆ. ಬೀಟೆ ಜಾತಿಯ ಶೀಶಮ್ ಹಾಕಿದ ನೀರು ಚಹಾದ ಬಣ್ಣಕ್ಕೆ ತಿರುಗಿ ನಾಲಿಗೆಯನ್ನು ಹಿಡಿಯಿತು. ತೇಗ ಎಣ್ಣೆಯ ವಾಸನೆ ಬಿಟ್ಟಿತು. ನೇರಳೆ ಒಗರು. ಮಾವು ಪರವಾಗಿಲ್ಲ, ಆದರೆ ಬಹಳ ಮೆತ್ತಗೆ, ಬೇಗ ಬೂಸ್ಟು ಹಿಡಿಯುತ್ತದೆ. ಜಾಲಿಯ ಲೋಟ ಖಾಲಿಯಾಗಿತ್ತು. ಗಂಟಲು ಕೆಟ್ಟಿದ್ದ ಜಾನಕಿ ಕಷಾಯವೆಂದು ಅದನ್ನು ಕುಡಿದು, “ಇವತ್ತು ಜೀರಿಗೆ ಹಾಕೋದು ಮರ್ತಿದ್ದೀರಾ?” ಎಂದು ಕೇಳಿದಳು. ಆರನೆಯದು ಶಹತೂತ್, ಎಂದರೆ ಹಿಪ್ಪುನೇರಳೆ. ಅದರ ನೀರನ್ನು ಮೂರು ಸಲ ಗುಟುಕರಿಸಿದೆ. ನೀರಿಗೆ ನೀರಿನದೇ ರುಚಿ. ಜೂರಿಗೂ ಕುಡಿಸಿದೆ. ಅವಳು ಕಣ್ಣು ಮುಚ್ಚಿ ಕುಡಿದು, “ಕುಛ್ ಭೀ ನಹೀಂ ಹೈ,” ಯಾವ ರುಚಿಯೂ ಇಲ್ಲ ಎಂದು ಎಷ್ಟೋ ದಿನಗಳ ಮೇಲೆ ನಕ್ಕಳು. ಹಾಕಿ ಸ್ಟಿಕ್ ಮಾಡುವುದು ಇದರಿಂದಲೇ ಎಂದು ಸರ್ದಾರ್ಜಿ ಹೇಳಿದ್ದರು, ಗಟ್ಟಿತನದ ಚಿಂತೆಯಿರಲಿಲ್ಲ.

ಈ ಸಲ ನಾರು ಎತ್ತ ಓಡಿದೆ ನೋಡಿ ಗೆರೆ ಹಾಕಿದೆ. ಅವಸರ ಮಾಡಲಿಲ್ಲ. ಕೆತ್ತಿದ್ದನ್ನು ನೀರಿನಲ್ಲಿ ಅದ್ದಿ ಒಣಗಿಸಿದರೆ ಮಲಗಿದ್ದ ನಾರುಗಳೆಲ್ಲ ಎದ್ದು ನಿಲ್ಲುತ್ತವೆ. ಅವನ್ನು ಉಜ್ಜಿ, ಮತ್ತೆ ಅದ್ದಿ, ಮತ್ತೆ ಉಜ್ಜಿದೆ. ಜಾನಕಿ ಎಣ್ಣೆ ಬಾಟಲಿಯನ್ನು ಮೇಲಿನ ಶೆಲ್ಫಿಗೆ ಸಾಗಿಸಿ, ಎರಡು ದಿನದ ಅಕ್ಕಚ್ಚನ್ನೆಲ್ಲ ಬಕೆಟ್ಟಿನಲ್ಲಿ ಕೂಡಿಟ್ಟಳು. ನಮ್ಮ ಅತಿ ದೊಡ್ಡ ಪಾತ್ರೆಯಲ್ಲಿ ಹುಟ್ಟನ್ನು ಒಂದು ತುದಿ, ಆಮೇಲೆ ಇನ್ನೊಂದು ತುದಿ ಮುಳುಗಿಸಿ, ನೀರು ಬದಲಾಯಿಸುತ್ತ, ತಿಳಿಯಾಗಿಯೇ ಉಳಿಯುವವರೆಗೂ ಕುದಿಸಿದೆವು. ಹೊರಗೆ ನವೆಂಬರಿನ ಹೊಗೆ ಕವಿದಿತ್ತು, ಬಾಲ್ಕನಿಯಲ್ಲಿ ಒಣಹಾಕಿದರೆ ದಿಲ್ಲಿಯ ಹೊಗೆಯೂ ಮರಕ್ಕೆ ಇಳಿಯುತ್ತದೆಂದು ದೇವರ ಕೋಣೆಯ ನೆರಳಿನಲ್ಲಿ ಒಣಗಿಸಿದೆವು. ಅನ್ನದ ಮದ್ಯಕ್ಕೆ ಬೇಕಾದ ಸಾಮಾನು ದೇವರ ಮುಂದೆ ಒಣಗುತ್ತಿರುವುದನ್ನು ಅನಿರುದ್ಧ ಫೋಟೋ ತೆಗೆದುಕೊಂಡ. ಜಾನಕಿ ದೀಪ ಹಚ್ಚುವಾಗ ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದಳು ಅಷ್ಟೆ.

ಕೊನೆಯ ಬಿಲ್ಲೆಯನ್ನು ಜೂರಿ ಪುಡಿಮಾಡುವಾಗ ನಾವು ಮೂವರೂ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆವು. ಮಡಕೆ ಕಟ್ಟಿದ ಮೇಲೆ ಜಾನಕಿ ಮುಂದೆ ಬಂದಳು. ದಿಲ್ಲಿಯ ಚಳಿಯಲ್ಲಿ ಇಡ್ಲಿ ಹಿಟ್ಟನ್ನು ಉಬ್ಬಿಸಿ ಮೂವತ್ತು ವರ್ಷ ಪಳಗಿದ ಕೈ ಅವಳದು. “ಇದು ನಂಗೆ ಬಿಡಮ್ಮ,” ಎಂದು ತನ್ನ ಒಳ್ಳೆಯ ಶಾಲನ್ನು ಮಡಕೆಗೆ ಸುತ್ತಿ, ರಜಾಯಿ ಇಡುವ ಪೆಟ್ಟಿಗೆಯೊಳಗೆ ಕೂರಿಸಿದಳು. ಎರಡನೆಯ ದಿನ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದೆ. ಕೋಣೆಯಿಂದ ಜಾನಕಿ ಕೂಗಿದಳು, “ಜೂರಿ, ಬಾ ಇಲ್ಲಿ, ವಾಸನೆ ನೋಡು.” ನಾನು ಹೋಗುವಷ್ಟರಲ್ಲಿ ಅತ್ತೆ ಸೊಸೆ ಇಬ್ಬರೂ ಪೆಟ್ಟಿಗೆಯೊಳಗೆ ತಲೆ ಹಾಕಿದ್ದರು. ಮಾಗಿದ ಬಾಳೆಹಣ್ಣಿನ ವಾಸನೆ ಬಾಗಿಲವರೆಗೂ ಬರುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಜೂರಿ ಸ್ನಾನ ಮಾಡಿ, ಊರಿನ ಉಡುಗೆ ಉಟ್ಟು, ಹಾಲಿನ ಮೂಲೆಯಲ್ಲಿ ಬಾಳೆ ಎಲೆ ಹಾಕಿ ಅನ್ನ, ಮೀನು ಬಡಿಸಿದಳು. ಮೀನನ್ನು ಅನಿರುದ್ಧನ ಗೆಳೆಯನ ಮನೆಯಲ್ಲಿ ಬೇಯಿಸಿ ತಂದಿದ್ದರು, ಅಷ್ಟರ ಮಟ್ಟಿಗೆ ನಮ್ಮ ಅಡುಗೆಮನೆಯನ್ನು ಅವಳೇ ಉಳಿಸಿದ್ದಳು. ಅವಳ ತಾಯಿ ಫೋನಿನ ವಿಡಿಯೋದಲ್ಲಿದ್ದರು. ತಲೆಯ ಮೇಲೆ ಸೆರಗು ಹೊದ್ದು, ಊದಿದ ಬೆರಳುಗಳನ್ನು ಜೋಡಿಸಿ ಕೂತಿದ್ದರು. ಮಡಕೆಯಿಂದ ಸೋಸಿದ ಮೊದಲ ನೀರು ಒಂದು ಕಂಚಿನ ಬಟ್ಟಲಲ್ಲಿತ್ತು. ತಾಯಿ ಏನೋ ಹೇಳಿದರು. ಜೂರಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆ ತಿರುಗಿದಳು.

“ಅಪ್ಪಾ, ಆಪ್ ದೀಜಿಯೇ. ಘರ್ ಮೇ ಜೋ ಬಡೇ ಹೈಂ, ವಹೀ ದೇತೇ ಹೈಂ. ಉನ್ಕಾ ನಾಮ್ ಲೇಕರ್.”

ಮನೆಯ ಹಿರಿಯರೇ ಕೊಡಬೇಕು, ತೀರಿಕೊಂಡವರ ಹೆಸರು ಹಿಡಿದು ಕರೆದು. ಬಟ್ಟಲನ್ನು ತೆಗೆದುಕೊಂಡೆ. ಅದನ್ನು ಮುಟ್ಟಲು ಅಳುಕಾಗಬಹುದು ಎಂದುಕೊಂಡಿದ್ದೆ, ಆಗಲಿಲ್ಲ. ಎಲೆಯ ಮುಂದೆ ಕೂತು ಬಾಗಿಸಲು ಹೋದವನ ಕೈ ನಿಂತಿತು. ಅವರ ಹೆಸರು ನನಗೆ ಗೊತ್ತಿರಲಿಲ್ಲ.

ಜೂರಿ ತಂದೆಯನ್ನು ‘ದೇವುತಾ’ ಎನ್ನುತ್ತಾಳೆ, ಅವರಲ್ಲಿ ಅಪ್ಪ ಎನ್ನುವುದು ಹಾಗೆ. ಮೂರು ವರ್ಷದಿಂದ ನಮ್ಮ ಮನೆಯಲ್ಲೂ ಅವರು ಜೂರಿಯ ದೇವುತಾ. ಅವರ ಕೈಕೆಲಸವನ್ನು ಮುರಿದಿದ್ದೆ, ಅದರ ಮೇಲೆ ಕೈಯಾಡಿಸಿ ಮೆಚ್ಚಿದ್ದೆ, ಅಳತೆ ತೆಗೆದಿದ್ದೆ. ಹೆಸರು ಕೇಳಿರಲಿಲ್ಲ. ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಖಾಲಿ ಬಿಟ್ಟವರನ್ನೆಲ್ಲ ವಾಪಸು ಕಳಿಸಿದ ಅಧಿಕಾರಿ ನಾನು. ನನ್ನ ಅಪ್ಪನ ತಿಥಿಯಲ್ಲಿ ಪುರೋಹಿತರು ಮೂರು ತಲೆಮಾರಿನ ಹೆಸರು ಕೇಳಿದರೆ ತಡವರಿಸದೆ ಹೇಳುತ್ತೇನೆ. ಮುಖವೆತ್ತಿ ನೋಡುವ ಧೈರ್ಯವಾಗಲಿಲ್ಲ. ಎಲೆಯನ್ನೇ ನೋಡುತ್ತ ಕೇಳಿದೆ, “ಬೇಟಾ, ನಿಮ್ಮ ತಂದೆಯ ಹೆಸರೇನಮ್ಮಾ?”

ಅದು ಕನ್ನಡದಲ್ಲೇ ಬಂತು. ಅವಳಿಗೆ ಅರ್ಥವಾಯಿತು.

“ಪುನಾರಾಮ್,” ಎಂದಳು. ಅವಳ ದನಿಯಲ್ಲಿ ಬೇಸರವಿರಲಿಲ್ಲ. ಕೇಳುತ್ತಾರೆಂದು ಕಾದಿದ್ದವಳ ಹಾಗೆ ಹೇಳಿದಳು.

“ಪುನಾರಾಮ್,” ಎಂದು ನಾನು ಬಟ್ಟಲು ಬಾಗಿಸಿದೆ. “ತಗೊಳ್ಳಿ.”

ಫೋನಿನಲ್ಲಿ ಅವಳ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಏನೋ ಹೇಳಿದರು. ನಾನು ಏನು ತಪ್ಪು ಮಾಡಿದೆನೋ ಎಂದು ಜೂರಿಯ ಮುಖ ನೋಡಿದೆ. ಅವಳು ಕಣ್ಣೊರೆಸಿಕೊಂಡು ಹಿಂದಿಯಲ್ಲಿ ಹೇಳಿದಳು. ಅವರ ಅಮ್ಮ ಆ ಹೆಸರನ್ನು ಬಾಯಲ್ಲಿ ಆಡುವುದಿಲ್ಲ, ಹೆಂಡತಿ ಆಡಬಾರದು. ಮಕ್ಕಳಿಗೆ ಅವರು ದೇವುತಾ, ಬೀದಿಯವರಿಗೆ ಅಣ್ಣ, ಕಾಕಾ. ಹೆಸರು ಹಿಡಿದು ಕರೆಯುವಷ್ಟು ದೊಡ್ಡವರು ಊರಿನಲ್ಲಿ ಒಬ್ಬೊಬ್ಬರೇ ಹೋಗಿಬಿಟ್ಟರು. ಆ ಹೆಸರನ್ನು ಯಾರಾದರೂ ಕೂಗಿದ್ದು ಕೇಳಿ ಅಮ್ಮನಿಗೆ ವರ್ಷಗಳೇ ಆಗಿವೆ.

“ಇನ್ನೊಂದು ಸಲ ಕರೀಬೇಕಂತೆ ಅಪ್ಪ,” ಎಂದ ಅನಿರುದ್ಧ, ಮೆಲ್ಲಗೆ.

ಜೂರಿ ಹಿಂದೆ ಹೇಳಿದ್ದ ಅವರ ವಯಸ್ಸಿನಿಂದ ಲೆಕ್ಕ ಹಾಕಿದರೆ ಅವರಿಗಿಂತ ನಾನು ಎರಡು ವರ್ಷಕ್ಕೆ ದೊಡ್ಡವನು. ಬಟ್ಟಲಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಗಂಟಲು ಸರಿಮಾಡಿಕೊಂಡು, ಆ ಕಡೆ ಕೋಣೆಯಲ್ಲಿ ಇರುವವರನ್ನು ಊಟಕ್ಕೆ ಕರೆಯುವಷ್ಟು ಗಟ್ಟಿಯಾಗಿ, “ಪುನಾರಾಮ್, ಬಾರಪ್ಪಾ” ಎಂದು ಕರೆದೆ.